ವಾರಿಜಾ ಸಿಸ್ಟರ್ ಬರೆದ ಅಂಕಿ

ಹೊಸನಗರದ ಕಡೆಯ ಸಣ್ಣ ಹೆರಿಗೆ ಆಸ್ಪತ್ರೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸ್ ಆಗಿರುವ ವಾರಿಜಾ, ಬಸುರಿಯ ಕಾಲು ಮುಟ್ಟಿಯೇ ಹೆರಿಗೆ ಎಲ್ಲಿಗೆ ಬಂತೆಂದು ಹೇಳಬಲ್ಲರು. ನೋವು ಏರಿದಂತೆ ಪಾದದ ತಂಪು ಮೊಣಕಾಲಿನತ್ತ ಹತ್ತುತ್ತದೆ. ಅಲ್ಲಿಯವರೆಗೆ ಗಂಡನನ್ನು ಬೈಯುತ್ತಿದ್ದವಳು ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾಳೆ. ಇಷ್ಟು ಕಂಡ ಮೇಲೂ ಒಳಗೆ ಕೈ ಹಾಕಿ ಹಿಂಸೆ ಕೊಡುವುದು ಯಾವ ಪುರುಷಾರ್ಥಕ್ಕೆ?

ಆದರೆ ಚಾರ್ಟಿನಲ್ಲಿ ಕಾಲಿನ ತಂಪಿಗೆ ಜಾಗವಿಲ್ಲ. ನಾಲ್ಕು ಗಂಟೆಗೊಮ್ಮೆ ಒಳಪರೀಕ್ಷೆ ಮಾಡಿ, ಗರ್ಭದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆಯೆಂದು ಬರೆಯಬೇಕು. ವಾರಿಜಾ ಪರೀಕ್ಷೆ ಮಾಡದೆಯೇ ಅಂಕಿ ಬರೆಯುತ್ತ ಬಂದರು. ಆ ಅಂಕಿಗೆ ತಕ್ಕ ಹೊತ್ತಿಗೇ ಕೂಸು ಹುಟ್ಟುತ್ತಿತ್ತು. ಕೊನೆಗೆ ಅದೇ ಕುತ್ತಿಗೆಗೆ ಬಂತು.

ಇವತ್ತು ಬೆಳಿಗ್ಗೆ ಡಾಕ್ಟರು ಹೊಸ ನರ್ಸುಗಳನ್ನು ಕರೆತಂದು ಆ ಚಾರ್ಟುಗಳನ್ನೇ ಎತ್ತಿ ತೋರಿಸಿದರು. "ನೋಡ್ರಮ್ಮ, ನಾಲ್ಕು ಗಂಟೆಗೊಂದ್ಸಲ ತಪ್ಪದೆ ಕೈ ಹಾಕಿ ನೋಡಿದ್ರೆ ಹಿಂಗೆ ಕರೆಕ್ಟಾಗಿ ಬರುತ್ತೆ. ಸಿಸ್ಟರ್, ಇವ್ರಿಗೆ ಒಂದ್ಸಲ ಮಾಡಿ ತೋರ್ಸಿ."

ಮಂಚದ ಮೇಲೆ ನೋವು ತಿನ್ನುತ್ತಿದ್ದ ಸುಪ್ರೀತಾ, ವಾರಿಜಾರ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. "ಅಕ್ಕಾ, ನೀವು ಹಂಗೆಲ್ಲ ಮಾಡಲ್ಲ ಅಂತ ಅಮ್ಮ ಹೇಳಿದ್ಲು" ಎಂದು ಪಿಸುಗುಟ್ಟಿದಳು.

ನಿಜ ಹೇಳಿದರೆ ಇಷ್ಟು ವರ್ಷ ಬರೆದದ್ದೆಲ್ಲ ಸುಳ್ಳಾಗುತ್ತಿತ್ತು. ಹುಡುಗಿಯ ಕಾಲು ಮೊಣಕಾಲಿನವರೆಗೂ ತಣ್ಣಗಿತ್ತು, ತಿಳಿಯಬೇಕಾದ್ದೇನೂ ಉಳಿದಿರಲಿಲ್ಲ.

ಗ್ಲೌಸ್ ಹಾಕಿಕೊಳ್ಳಲು ವಾರಿಜಾ ಕೈ ಎಳೆದುಕೊಂಡರು. ಬರಲಿಲ್ಲ. ಸುಪ್ರೀತಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.