ಅಕಾಡೆಮಿಯ ಬ್ಯಾಡ್ಜು

ಕಟ್ಟಡದ ಕೆಳಗಿರುವ ದಾನದ ಪೆಟ್ಟಿಗೆಗೆ ಹಾಕೋಣವೆಂದು ಮೊನ್ನೆ ಮಗಳ ಹಳೆಯ ಯೂನಿಫಾರ್ಮ್ ಹೊರತೆಗೆದೆ. ಶಾಲೆಯ ಗುರುತು ಯಾಕೆ ಎಂದು ಬ್ಯಾಡ್ಜು ಬಿಚ್ಚಲು ಕೂತರೆ, ಜಪ್ಪಯ್ಯ ಎಂದರೂ ಹೊಲಿಗೆ ಬಿಡಲೊಲ್ಲದು. ಇಷ್ಟು ಬಿಗಿಯಾಗಿ ಹೊಲಿಯುವ ಕೈ ನನಗೆ ಗೊತ್ತಿರುವುದು ಒಂದೇ, ಸೆವೆರಿನ್ ಬಾಯಿಯದು.

ಬಾಯಿ ಯಾರೆಂದು ಮೊದಲು ಹೇಳಿಬಿಡುತ್ತೇನೆ. ಗಲ್ಫಿನಲ್ಲಿ, ಅಲ್ ನಹ್ದಾದ ನಮ್ಮ ಫ್ಲ್ಯಾಟಿನಿಂದ ಎರಡು ಸಿಗ್ನಲ್ ಆಚೆಗಿದ್ದ ಪ್ರೈಮರಿ ಶಾಲೆಯ ಆಯಾ, ಕುಂದಾಪುರದ ಕಡೆಯವರು. ಯಾವ ಮಗು ಟಿಫಿನ್ ತಿನ್ನದೆ ಸುಳ್ಳು ಹೇಳುತ್ತದೆ, ಯಾವುದಕ್ಕೆ ಬಸ್ಸಿನಲ್ಲಿ ವಾಂತಿಯಾಗುತ್ತದೆ, ಎಲ್ಲ ಅವರಿಗೆ ಗೊತ್ತು.

ಆ ವರ್ಷ ಶಾಲೆ ಅಕಾಡೆಮಿಯಾಯಿತು. ನಾನೋ ಹುಟ್ಟಾ ಗುಮಾನಿಯವಳು, ಮೀನಿನವನು ಫ್ರೆಶ್ ಎಂದರೆ ಕಿವಿರು ಎತ್ತಿ ನೋಡುವವಳು. ಗೇಟಿಗೆ ಹೊಸ ಬೋರ್ಡು ಬಂದದ್ದೇ ತಡ, ವಿಚಾರಣೆ ಶುರುಮಾಡಿದೆ. ಅಕಾಡೆಮಿ ಅಂದರೆ ಏನು? ಅದೇ ಟೀಚರು, ಅದೇ ಅಂಗಳ, ಅದೇ ಸೋರುವ ನಲ್ಲಿ. ರಿಸೆಪ್ಶನಿನ ಹುಡುಗಿ, "ಮ್ಯಾಮ್, ಇಟ್ಸ್ ಎ ಜರ್ನಿ" ಎಂದು ನಕ್ಕಳು. ಎಲ್ಲಿಗೆ ಅಂತ ಹೇಳಲಿಲ್ಲ. ಪೋಷಕರ ಸಭೆಯಲ್ಲಿ ಎದ್ದು ನಿಂತು, ಕ್ಯಾಂಟೀನಿನ ಸಮೋಸ ಯಾಕೆ ಮಫಿನ್ ಆಯಿತು ಎಂದು ಕೇಳಿದವಳೂ ನಾನೇ. "ಅಮ್ಮಾ, ಯು ಡೌಟ್ ಎವ್ರಿಥಿಂಗ್!" ಎಂದು ಮಗಳು ಮುಖ ಊದಿಸಿಕೊಂಡಳು.

ಹೊಸ ಬ್ಯಾಡ್ಜು ಹೊಲಿಯುವ ಕೆಲಸ ಬಾಯಿಯ ಪಾಲಿಗೆ ಬಂತು. ಅಂಗಿ ಕೊಡಲು ಹೋದ ಮಧ್ಯಾಹ್ನ ಅವರು ಆಫೀಸಿನವರು ಕೊಟ್ಟ ಇಂಗ್ಲಿಷ್ ಕಾಗದವೊಂದನ್ನು ಮುಂದೆ ಹಿಡಿದರು.

"ಇದ್ರಲ್ಲಿ ಎಂತ ಬರ್ದಿದ್ದಾರೆ, ಸ್ವಲ್ಪ ಓದಿ ಹೇಳಿ ಮಾರಾಯ್ರೆ. ಇವತ್ತೇ ಸೈನ್ ಬೇಕಂತೆ."

ಕಾರನ್ನು ಇನ್ನೊಬ್ಬರ ಕಾರಿಗೆ ಅಡ್ಡ ನಿಲ್ಲಿಸಿ ಬಂದಿದ್ದೆ. ಹಾರ್ನ್ ಹೊಡೆಯುತ್ತಿದ್ದರು. ಮೊದಲ ಪುಟದ ಮೇಲೆ ಕಣ್ಣಾಡಿಸಿದೆ. ಅದೇ ಜರ್ನಿಯ ಮಾತು.

"ಹೆಸರು ಬದಲಾಗ್ತದೆ, ಅಷ್ಟೇ ಬಾಯಿ. ಸೈನ್ ಹಾಕಿ ಕೊಡಿ," ಎಂದು ನನ್ನ ಪೆನ್ನನ್ನೇ ಕೊಟ್ಟೆ.

"ನೀವು ಹೇಳಿದ್ರೆ ಆಯ್ತು. ಎಲ್ಲ ಕೇಳಿ, ನೋಡಿ ಮಾಡುವವರಲ್ವಾ ನೀವು," ಎಂದು ಸಹಿ ಹಾಕಿದರು.

ಬೇಸಗೆ ರಜೆ ಮುಗಿದು ಹೋದರೆ ಗೇಟಿನಲ್ಲಿ ಬಾಯಿ ಇಲ್ಲ. "ಬಾಯಿ ಖಲಾಸ್, ವೀಸಾ ಕ್ಯಾನ್ಸಲ್," ಎಂದ ವಾಚ್‌ಮನ್. ಸಹಿ ಹಾಕದೆ ಹಠ ಹಿಡಿದಿದ್ದ ಇನ್ನೊಬ್ಬ ಆಯಾ ಮಾತ್ರ ಅಲ್ಲೇ ಇದ್ದಳು. ತನಗೂ ಕೊಟ್ಟಿದ್ದ ಅದೇ ಕಾಗದವನ್ನು ಅವಳು ತೋರಿಸಿದಳು. ಅದಕ್ಕೆ ಎರಡನೇ ಪುಟವಿತ್ತು. ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಅದರಲ್ಲಿ ಬರೆದಿತ್ತು. ಸಮೋಸಕ್ಕೆ ಎದ್ದು ನಿಂತವಳು ನಾನು, ಆ ಪುಟ ತಿರುವಲಿಲ್ಲ. ನಾಚಿಕೆಯಿಂದ ಸತ್ತೇ ಹೋದೆ. ಅವಳು ಬರೆದುಕೊಟ್ಟ ಬಾಯಿಯ ಊರಿನ ನಂಬರಿಗೂ ಇಷ್ಟು ವರ್ಷ ಫೋನ್ ಮಾಡಲಿಲ್ಲ. ಬೈದಾರೆಂಬ ಭಯವಲ್ಲ, ಬೈಯದೇ ಇದ್ದುಬಿಟ್ಟಾರೆಂಬ ಭಯ.

ಕೊನೆಗೂ ದಾರ ಬಿಟ್ಟಿತು. ಅಕಾಡೆಮಿಯ ಬ್ಯಾಡ್ಜಿನ ಅಡಿಯಲ್ಲಿ ಹಳೆಯ ಶಾಲೆಯದು ಹಾಗೇ ಇತ್ತು. ಬಾಯಿ ಅದನ್ನು ಬಿಚ್ಚಿರಲೇ ಇಲ್ಲ. ಕತ್ತರಿ ಕೆಳಗಿಟ್ಟು ನಂಬರು ಹುಡುಕಿ ಫೋನ್ ಮಾಡಿದೆ. ನಾನು ಯಾರೆಂದು ಹೇಳಿದ ಕೂಡಲೇ ಬಾಯಿ ಕೇಳಿದರು:

"ಮಗು ಈಗ ಟಿಫಿನ್ ಪೂರಾ ತಿಂತದಾ?"

"ತಿಂತಾಳೆ ಬಾಯಿ," ಎಂದೆ. ಆಮೇಲೆ, ಅಂದು ತಿರುವದ ಪುಟದ ಮಾತು ತೆಗೆದೆ.