ಮೊದ್ಲು ಬಿಸಿಯಾಗ್ಲಿ ಬುಡು

ಫಿಟ್ಟರ್ ಮಾವನ ಬಲಗಿವಿಯ ಮೇಲೆ ಯಾವಾಗಲೂ ರೂಪಾಯಿ ಅಗಲದ ಒಂದು ಗ್ರೀಸಿನ ಕಲೆ ಇರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಮಷೀನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಒಳಗಿನ ಬೇರಿಂಗಿನ ಸದ್ದು ಹಾಗೆ ಕೇಳಿಸುತ್ತದೆ. ಹೊಸಬರಿಗೆ ಇವರು ನಿಂತಲ್ಲೇ ನಿದ್ದೆಹೋದಂತೆ ಕಾಣುತ್ತಿತ್ತು. ಮದುವೆ ಮನೆಗೆ ಬಂದಾಗಲೂ ಆ ಕಲೆ ಹೋಗಿರುತ್ತಿರಲಿಲ್ಲ. ಅವರ ಹೆಂಡತಿ ಸೆರಗಿನಲ್ಲಿ ಉಜ್ಜಿ ಉಜ್ಜಿ ಸಾಕಾಗಿ, "ಹುಟ್ಟು ಮಚ್ಚೆ ಅಂತ ಹೇಳ್ಬುಡ್ತೀನಿ ಕಣ್ರೀ ಇನ್ಮೇಲೆ" ಅನ್ನುತ್ತಿದ್ದರು.

ಮಾವ ಅಂದರೆ ರಕ್ತಸಂಬಂಧವೇನಲ್ಲ. ತುರುವೇಕೆರೆಯವರು, ಯಾವುದೋ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ತಮ್ಮ ತೋಟದ ಕೊಬ್ಬರಿಯನ್ನು ತಿಪಟೂರಿನಲ್ಲಿ ನಮ್ಮಪ್ಪನ ಮಂಡಿಗೆ ಹಾಕುತ್ತಿದ್ದರು. ಡಿಪ್ಲೊಮಾ ಮುಗಿಸಿದ ನಾನು ಕಾಯಿ ಸುಲಿಯುವ ಮಷೀನುಗಳಿಗೆ ಬಿಡಿಭಾಗ ಮಾಡುವ ವರ್ಕ್‌ಶಾಪ್ ಇಡುತ್ತೇನೆ ಎಂದಾಗ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಗದೆ ಇದ್ದವರು ಇವರೊಬ್ಬರೇ.

"ಹೊಸ ಮಷೀನ್ ಬ್ಯಾಡ ಕಣವ್ವ, ನಿನ್ ಕೈಗೆ ನಿಲುಕಾಕಿಲ್ಲ. ಗಟ್ಟಿ ಮೈಯಿಂದು ಹಳೇದು ತಗಳಣ. ತಲೆ ಹೊಸ್ದು, ಕಂಪ್ಯೂಟರಿಂದು, ನಾನ್ ಕೂರಿಸ್ಕೊಡ್ತೀನಿ," ಅಂದರು.

ಬೆಂಗಳೂರಿನ ಒಂದು ಶೆಡ್ಡಿಗೆ ಇಬ್ಬರೂ ಹೋದೆವು. ಅಲ್ಲೊಂದು ಕಬ್ಬಿಣ ಕೆತ್ತುವ ಹಳೆಯ ಮಿಲ್ಲಿಂಗ್ ಮಷೀನು ಹಸಿರು ಬಣ್ಣ ಬಳಿದುಕೊಂಡು ಮದುಮಗನ ಹಾಗೆ ನಿಂತಿತ್ತು. ನಾನು ಆಗಲೇ ಮರುಳಾಗಿದ್ದೆ. ಮಾವ ಮಾತ್ರ "ಮೊದ್ಲು ಬಿಸಿಯಾಗ್ಲಿ ಬುಡು" ಎಂದು ಒಂದು ಗಂಟೆ ಅದನ್ನು ಸುಮ್ಮನೆ ಓಡಿಸಿ, ಮಾರುವವನ ಕೈಯಿಂದಲೇ ಕಾಫಿ ತರಿಸಿಕೊಂಡು ಕುಡಿದರು. ಕಾಫಿ ಅಂದರೆ ಅವರಿಗೆ ಪ್ರಾಣ. ಕೊನೆಯ ಗುಟುಕನ್ನೂ ಬಿಡದೆ ಕುಡಿದು ಲೋಟವನ್ನು ಬೋರಲು ಹಾಕುವುದು ಅವರ ರೂಢಿ. ಆಮೇಲೆ ಸ್ಕ್ರೂಡ್ರೈವರ್ ಕಿವಿಗೆ ಹಿಡಿದರು. ಕೊನೆಗೆ ಉಗುರಿನಲ್ಲಿ ಬಣ್ಣ ಕೆರೆದು, "ಮಷೀನ್ ಚೆನ್ನಾಗೈತೆ ಕಣ್ರೀ. ಇಷ್ಟು ಚೆನ್ನಾಗಿರೋದಕ್ಕೆ ಪೌಡ್ರು ಯಾಕ್ ಬಳುದ್ರಿ?" ಅಂದರು. ಮಾರುವವನು ನಕ್ಕು ಬೆಲೆ ಇಳಿಸಿದ.

ಮಂಡಿಯ ಹಿಂದಿನ ಕೋಣೆಯಲ್ಲಿ ಮೂರು ತಿಂಗಳು ಕೆಲಸ ನಡೆಯಿತು. ಕೈಯಲ್ಲಿ ತಿರುಗಿಸುವ ಚಕ್ರಗಳನ್ನೆಲ್ಲ ಬಿಚ್ಚಿ, ಮೋಟಾರು ಕೂರಿಸಿ, ಕಂಪ್ಯೂಟರ್ ಹೇಳಿದಂತೆ ಕಬ್ಬಿಣ ಕೊರೆಯುವ ಸಿ.ಎನ್.ಸಿ. ಮಾಡಿದೆವು. ನನಗೆ ಬರುವ ಕೆಲಸವೆಲ್ಲ ಆ ಮೂರು ತಿಂಗಳಲ್ಲಿ ಕಲಿತದ್ದು. ಕೊನೆಯಲ್ಲಿ ಒಂದು ಬೇರಿಂಗ್ ಬರುವುದು ತಡವಾಯಿತು. ನನಗೋ ಮೊದಲ ಆರ್ಡರಿನ ಅವಸರ. ಅತ್ತು ಕರೆದು ಅವರ ತಲೆ ತಿಂದೆ. "ಸದ್ಯಕ್ಕೆ ಹಳೇದೇ ಹಾಕಿರ್ತೀನಿ, ಆಮ್ಯಾಕೆ ಬದ್ಲಾಯ್ಸಣ" ಎಂದು ಒಲ್ಲದ ಮನಸ್ಸಿನಿಂದ ಹಾಕಿದರು. ಆ 'ಆಮ್ಯಾಕೆ' ಬರಲೇ ಇಲ್ಲ. ಅವರು ನೆನಪಿಸಿದಾಗಲೆಲ್ಲ ಮಷೀನು ನಿಲ್ಲಿಸಲು ನಾನೇ ಒಪ್ಪಲಿಲ್ಲ.

ಅದರಿಂದ ಮಷೀನಿಗೆ ಒಂದು ಐಬು ಉಳಿಯಿತು. ಬೆಳಿಗ್ಗೆ ತಣ್ಣಗಿರುವಾಗ ಅಳತೆ ಕರಾರುವಾಕ್ಕು. ಒಂದೆರಡು ಗಂಟೆ ಓಡಿ ಬಿಸಿಯಾದರೆ, ಕಬ್ಬಿಣ ಕೂರಿಸುವ ಮೇಜು ಎಡಕ್ಕೆ ಹೋಗಿ ಬರುವಾಗ ಕೂದಲೆಳೆಯಷ್ಟು ತಪ್ಪುತ್ತಿತ್ತು. ನನಗದು ಅಭ್ಯಾಸವಾಗಿತ್ತು, ಅಷ್ಟನ್ನು ಕೈಯಲ್ಲೇ ಸರಿಪಡಿಸಿಕೊಳ್ಳುತ್ತಿದ್ದೆ. ಎಂಟು ವರ್ಷ ಆ ಮಷೀನು ನನಗೆ ಅನ್ನ ಹಾಕಿತು.

ಕೆಲಸ ಹೆಚ್ಚಿತು, ದೊಡ್ಡ ಮಷೀನಿಗೆ ಹೇಳಿಟ್ಟೆ. ಹಳೆಯದು ಮಾರಿದರಷ್ಟೇ ಹೊಸದು ಒಳಗೆ ಬರುವುದು. ಹುಳಿಯಾರಿನಿಂದ ಒಬ್ಬ ಬಂದ. ಕುರಿ ಮಾರಿ ವೆಲ್ಡಿಂಗ್ ಅಂಗಡಿ ಇಟ್ಟವನು, ಇನ್ನೊಂದು ಮೆಟ್ಟಿಲು ಹತ್ತುವ ಆಸೆ ಅವನದು. "ನಂಗೆ ಇದೆಲ್ಲ ಗೊತ್ತಾಗಾಕಿಲ್ಲ ಕಣಕ್ಕ. ಗೊತ್ತಿರೋರ್ನ ಕರ್ಕಂಡ್ ಬತ್ತೀನಿ," ಅಂದ.

ಕರೆದುಕೊಂಡು ಬಂದದ್ದು ಯಾರನ್ನ? ಫಿಟ್ಟರ್ ಮಾವನನ್ನೇ! ನನಗೆ ಒಳಗೊಳಗೇ ಖುಷಿ. ನಮ್ಮ ಮಾವನೇ ಅಲ್ಲವೇ ಅಂದುಕೊಂಡೆ. ಐಬಿನ ವಿಷಯ ನಾನಾಗಿ ಹೇಳಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಕೊಬ್ಬರಿ ಮಂಡಿಯಲ್ಲಿ ಬೆಳೆದವಳು ನಾನು. ಅಲ್ಲಿ ನೋಡಿಕೊಳ್ಳುವುದು ಕೊಳ್ಳುವವನ ಕೆಲಸ. ಚೀಲಕ್ಕೆ ಕೈ ಹಾಕಿ, ಕೊಬ್ಬರಿ ಒಡೆದು, ಮೂಸಿ, ಅವನೇ ತಿಳಿದುಕೊಳ್ಳಬೇಕು. ಬೇಕೆಂದೇ ಬೆಳಿಗ್ಗೆ ಎಂಟಕ್ಕೆ ಬರಹೇಳಿದ್ದೆ. ತಣ್ಣನೆಯ ಮಷೀನಿನಲ್ಲಿ ಒಂದು ಪೀಸ್ ಕೊರೆದು ತೋರಿಸಿದೆ. ಅಳತೆ ಚಿನ್ನದಂತಿತ್ತು.

ಮಾವ ಸ್ಟೂಲ್ ಎಳೆದುಕೊಂಡರು. "ಒಂದ್ ಲೋಟ ಕಾಫಿ ಕೊಡವ್ವ. ಮೇಜು ಸುಮ್ನೆ ಓಡಾಡ್ಕಂಡಿರ್ಲಿ. ಮೊದ್ಲು ಬಿಸಿಯಾಗ್ಲಿ ಬುಡು."

ಕಾಫಿ ಕೊಟ್ಟೆ. ಅವರು ಕೊಬ್ಬರಿ ರೇಟು, ಮೊಮ್ಮಗಳ ಹಲ್ಲು, ಬಸ್ಸಿನ ನೂಕುನುಗ್ಗಲು ಎಲ್ಲ ಮಾತಾಡಿದರು. ಒಂದೂವರೆ ಗಂಟೆ ಕಳೆಯಿತು. ಎರಡನೆಯ ಲೋಟ ಕೈಗಿಡುವಾಗ ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

"ಈಗೊಂದ್ ಪೀಸ್ ಹಾಕು," ಅಂದರು.

ಹಾಕಿದೆ. ಅಳೆದು, ಪೀಸನ್ನೂ ಅಳೆಯುವ ಸಾಧನವನ್ನೂ ಹುಳಿಯಾರಿನವನ ಕೈಗಿಟ್ಟರು. "ನೋಡಪ್ಪ, ಬಿಸಿಯಾದ್ಮ್ಯಾಕೆ ಇಷ್ಟು ತಪ್ಪುತ್ತೆ. ಒಳಗೈತಲ್ಲ, ಆ ಬೇರಿಂಗ್ ಹಳೇದು. ಹಾಕ್ದೋನು ನಾನೇ. ತಪ್ಪು ನಂದು."

ಅವನು ಒಮ್ಮೆ ನನ್ನನ್ನು, ಒಮ್ಮೆ ಮಾವನನ್ನು ನೋಡಿ, "ಯೋಚ್ನೆ ಮಾಡಿ ಹೇಳ್ತೀನಿ ಕಣಕ್ಕ" ಎಂದು ಹೊರಗೆ ಹೋದ.

ನನಗೆ ರೇಗಿಹೋಯಿತು. ಮೊದಲೇ ನನ್ನದು ಹಾಳು ನಾಲಿಗೆ. "ಅವನು ಕೇಳಿದ್ನಾ ಮಾವ? ಕೇಳಿದ್ರೆ ಹೇಳಿದ್ರೆ ಆಗ್ತಿರ್ಲಿಲ್ವಾ? ನನ್ ಮನೆ ಕಾಫಿ ಕುಡ್ಕೊಂಡೇ ನನ್ ಹೊಟ್ಟೆ ಮೇಲೆ ಹೊಡುದ್ರಲ್ಲ!"

ಮಾವ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಅದರಲ್ಲಿ ಇನ್ನೂ ಅರ್ಧ ಕಾಫಿ ಇತ್ತು. "ಅವ್ನಿಗೆ ಏನ್ ಕೇಳ್ಬೇಕು ಅಂತ್ಲೇ ಗೊತ್ತಿಲ್ಲ ಕಣವ್ವ. ಅಂಥೋನ್ಗೆ ಕೇಳ್ದೆ ಇದ್ರೂ ಹೇಳ್ಬೇಕು," ಎಂದು ಚಪ್ಪಲಿ ಮೆಟ್ಟಿಕೊಂಡು ನಡೆದರು.

ನಾಲ್ಕು ದಿನ ಬಿಟ್ಟು ಬಂದರು. ಕೈಯಲ್ಲಿ ಪೇಪರು ಸುತ್ತಿದ ಹೊಸ ಬೇರಿಂಗ್. ತುಮಕೂರಿಗೆ ಹೋಗಿ ತಾವೇ ತಂದಿದ್ದರು. ಎರಡು ದಿನ ಒಬ್ಬರೇ ಮಷೀನು ಬಿಚ್ಚಿ ಜೋಡಿಸಿದರು. ನಾನು ಬಿಲ್ಲು ಬರೆಯುವ ನೆಪದಲ್ಲಿ ತಲೆ ಎತ್ತಲಿಲ್ಲ. ನನಗೆ ಕಾಫಿ ಮಾಡಿಕೊಂಡೆ, ಅವರಿಗೆ ಕೊಡಲಿಲ್ಲ. ಹೌದು, ಕೊಡಲಿಲ್ಲ. ಮರೆತದ್ದಲ್ಲ. ಅವರು ತಮ್ಮ ಬಾಟಲಿಯ ನೀರು ಕುಡಿದುಕೊಂಡೇ ಕೆಲಸ ಮುಗಿಸಿದರು. ಕೊನೆಗೆ ಮಷೀನು ಓಡಿಸಿ, ಬಿಸಿಯಾಗುವ ತನಕ ಕಾದು, ಸ್ಕ್ರೂಡ್ರೈವರ್ ಕಿವಿಗೆ ಹಿಡಿದು ಸಣ್ಣಗೆ ನಕ್ಕರು. "ಈಗ ಕರಿ ಅವ್ನ."

"ಹೂಂ," ಅಂದೆ. ನಾನು ಅವರೊಂದಿಗೆ ಆಡಿದ ಕೊನೆಯ ಮಾತು ಅದೇ.

ಹುಳಿಯಾರಿನವನು ಬಂದು ನಾನು ಹೇಳಿದ ಬೆಲೆಗೇ ಮಷೀನು ಒಯ್ದ. ಮಾವನಿಗೆ ಫೋನು ಮಾಡಬೇಕು ಎಂದುಕೊಂಡೆ. ನಾಳೆ ಮಾಡೋಣ, ಆಯುಧಪೂಜೆಗೆ ಹೇಗೂ ಬರುತ್ತಾರಲ್ಲ ಎಂದುಕೊಂಡೆ. ಪ್ರತಿ ವರ್ಷ ಮಷೀನಿಗೆ ಮೊದಲ ಹೂವು ಇಡುತ್ತಿದ್ದವರು ಅವರೇ. ಆ ವರ್ಷ ಬರಲಿಲ್ಲ. ನಾನೂ ಕರೆಯಲಿಲ್ಲ.

ಮಾಗಿಯ ಒಂದು ಬೆಳಿಗ್ಗೆ ಹುಳಿಯಾರಿನವನ ಫೋನು ಬಂತು. "ಅಕ್ಕಾ, ಮಾವ ಹೋಗ್ಬುಟ್ರು ಕಣಕ್ಕ. ಎದೆ ನೋವು ಅಂದ್ರಂತೆ, ಆಸ್ಪತ್ರೆ ಮುಟ್ಟೋದ್ರೊಳಗೇ..."

ತುರುವೇಕೆರೆಗೆ ಹೋದೆ. ಜಗಲಿಯ ಮೇಲೆ ಮಲಗಿಸಿದ್ದರು. ಮೈ ತೊಳೆದು ವಿಭೂತಿ ಹಚ್ಚಿದ್ದರು, ಬಲಗಿವಿ ಸ್ವಚ್ಛವಾಗಿತ್ತು. ನನಗೆ ತಡೆಯಲಾಗದೆ ಅಳು ಬಂದದ್ದು ಆ ಕಿವಿ ನೋಡಿ.

ಹುಳಿಯಾರಿನವನು ನನ್ನ ಪಕ್ಕ ಬಂದು ಕೂತ. ಮಾವ ತಿಂಗಳಿಗೊಂದು ಸಲ ಅವನ ಶೆಡ್ಡಿಗೆ ಹೋಗಿ ಮಷೀನಿಗೆ ಕಿವಿ ಕೊಟ್ಟು ಬರುತ್ತಿದ್ದರಂತೆ. "ದುಡ್ಡು ಕೊಟ್ರೆ ಇಸ್ಕತಿರ್ಲಿಲ್ಲ. ಬುಡಿ, ಕಾಫಿನಾದ್ರೂ ಕುಡೀರಿ ಅಂದ್ರೆ ಅದೂ ಬ್ಯಾಡ. ಯಾಕ್ ಮಾವ, ಸಕ್ರೆ ಕಾಯ್ಲೇನಾ ಅಂತ ಕೇಳ್ದೆ. ನಕ್ಕಂಡು, 'ತಿಪಟೂರ್ನಾಗೆ ಅರ್ಧ ಲೋಟ ಬುಟ್ಟು ಬಂದಿವ್ನಿ ಕಣಪ್ಪ. ನನ್ ಮಗಳು ಕರೀತಾಳೆ, ಅದು ಮುಗುಸ್ಕಂಡು ಆಮ್ಯಾಕೆ ನಿಮ್ಮನೇದು' ಅಂದ್ರು. ಯಾರ ಮನೆ ಅಕ್ಕ ಅದು? ಅವ್ರಿಗೆ ತಿಪಟೂರ್ನಾಗೆ ಮಗಳವ್ರಾ?"

ಅವರಿಗೆ ಇಬ್ಬರೂ ಗಂಡು ಮಕ್ಕಳು.

ಈಗ ನಾನೂ ಹಳೆಯ ಮಷೀನುಗಳನ್ನು ಕೊಂಡು, ತಲೆ ಬದಲಾಯಿಸಿ ಮಾರುತ್ತೇನೆ. ಕೊಳ್ಳುವವರು ಬಂದರೆ ಕೂರಿಸಿ, ಮಷೀನು ಬಿಸಿಯಾಗುವ ತನಕ ಕಾಫಿ ಕೊಟ್ಟು, ಐಬುಗಳನ್ನು ಅವರು ಕೇಳುವ ಮೊದಲೇ ಹೇಳುತ್ತೇನೆ. ಎಲ್ಲ ಅವರಿಂದಲೇ ಬಂದದ್ದು. ಆದರೆ ಲೋಟ ತೊಳೆಯುವಾಗ, ಯಾರಾದರೂ ಅರ್ಧ ಬಿಟ್ಟ ಕಾಫಿ ಚೆಲ್ಲಲು ಕೈ ಬರುವುದಿಲ್ಲ. ತುರುವೇಕೆರೆಯಿಂದ ತಿಪಟೂರಿಗೆ ಬಸ್ಸಿಗೇನು ಬರವೇ? ಬನ್ನಿ ಮಾವ ಅಂದಿದ್ದರೆ ಅವತ್ತೇ ಹತ್ತಿ ಬಂದುಬಿಡುತ್ತಿದ್ದರು.