ಬ್ಯಾಂಡಿನ ಅಲ್ಲಾವುದ್ದೀನ ಜಾಝ್ ನುಡಿಸಿದ್ದು

ನರಗುಂದದ ಬಸ್ಸು ರೋಣ ದಾಟುವಷ್ಟರಲ್ಲಿ ಅಲ್ಲಾವುದ್ದೀನ ಮೂರು ಸಲ ಚೀಲ ಬಿಚ್ಚಿ ನೋಡಿದ್ದ. ರೆಕಾರ್ಡರ್ ಅಲ್ಲೇ ಇತ್ತು. ಒಂದೂವರೆ ಗೇಣಿನ ಪ್ಲಾಸ್ಟಿಕ್ ಕೊಳವೆ, ಮುಂದೆ ಏಳು ತೂತು, ಹಿಂದೆ ಒಂದು. ಕಾನ್ವೆಂಟ್ ಶಾಲೆಯ ಮಕ್ಕಳು ಊದುವಂಥದ್ದು. ಅದೇನು ಎದ್ದು ಓಡಿಹೋಗುವ ಪೈಕಿ ಅಲ್ಲ. ಆದರೂ ಪಕ್ಕದಲ್ಲಿದ್ದ ಹೆಂಡತಿ ಖಾಜಾಬಿ ಕಣ್ಣು ಮುಚ್ಚಿದ್ದೇ ತಡ, ಅವನ ಕೈ ಮತ್ತೆ ಚೀಲಕ್ಕೆ ಹೋಯಿತು.

"ಅದೇನ್ ತತ್ತಿ ಇಡತೈತೇನ್ರಿ? ಸುಮ್ಮ ಕುಂದರ್ರಿ," ಎಂದಳು ಅವಳು, ಕಣ್ಣು ತೆರೆಯದೆ.

ಸುಮ್ಮನೆ ಕೂರುವುದು ಹೇಗೆ? ಗಜೇಂದ್ರಗಡದ ಮದುವೆ ಬ್ಯಾಂಡಿನಲ್ಲಿ ಮೂವತ್ತೆಂಟು ವರ್ಷ ಕ್ಲಾರಿನೆಟ್ ಊದಿದ ಮನುಷ್ಯ ಅವನು. ಜಕ್ಕಲಿ, ಲಕ್ಕಲಕಟ್ಟಿಯ ಕಡೆ ಅವನ ವಾದ್ಯದ ಹಿಂದೆ ಕುದುರೆ ಏರಿ ಹೋದ ಎಷ್ಟೋ ಮದುಮಕ್ಕಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಆಮೇಲೆ ಸಕ್ಕರೆ ಕಾಯಿಲೆ ಹಲ್ಲಿಗೆ ಇಳಿಯಿತು, ಮೇಲಿನ ಸಾಲು ಪೂರ್ತಿ ಹೋಯಿತು. ಕ್ಲಾರಿನೆಟ್ಟನ್ನು ಮೇಲಿನ ಹಲ್ಲಿನಿಂದ ಕಚ್ಚಿ ಹಿಡಿಯಬೇಕು. ಕಟ್ಟಿಸಿದ ಹಲ್ಲು ಎಷ್ಟೆಂದರೂ ಕಟ್ಟಿಸಿದ್ದು. ಜಕ್ಕಲಿಯ ಮೆರವಣಿಗೆಯೊಂದರಲ್ಲಿ ನಡುಬೀದಿಗೆ ಕಳಚಿ ಬಿತ್ತು. ಮದುಮಗನ ಗೆಳೆಯರು ನಕ್ಕ ನಗೆ ಅವನಿಗೆ ಇನ್ನೂ ಕೇಳಿಸುತ್ತದೆ.

ಬ್ಯಾಂಡಿನ ಮಾಲೀಕ ಉಮರ ಕೆಟ್ಟವನಲ್ಲ. "ಭಾಯ್, ಇನ್ನ ಮ್ಯಾಲ ನೀವು ಜನರೇಟರ್ ಗಾಡಿ ನೋಡ್ಕೋರಿ," ಎಂದ. ಅಂದರೆ ಊದುವವರ ಹಿಂದೆ ದೀಪದ ಗಾಡಿ ತಳ್ಳಿಕೊಂಡು, ಡೀಸೆಲ್ ಹೊಗೆ ಕುಡಿಯುತ್ತ ನಡೆಯುವ ಕೆಲಸ. ಅಲ್ಲಾವುದ್ದೀನ ಅದನ್ನೂ ತಳ್ಳಿದ. ಮುಂದೆ ಹಾಡು ಶುರುವಾದರೆ ಅವನ ಬೆರಳುಗಳು ಗಾಡಿಯ ಹಿಡಿಕೆಯ ಮೇಲೆ ತಾವಾಗಿ ಆಡುತ್ತಿದ್ದವು. ಅಳು ಬರುತ್ತಿತ್ತು. ಯಾರಾದರೂ ನೋಡಿದರೆ ಹೊಗೆಯ ಮೇಲೆ ಹಾಕುತ್ತಿದ್ದ.

ಅವನ ಹಲ್ಲು ಕಟ್ಟಿದ ನರಗುಂದದ ಡಾಕ್ಟರ್ ಸುಶ್ರುತನಿಗೆ ಜಾಝ್ ಸಂಗೀತದ ಹುಚ್ಚು. ಕಾಳಿನ ರೇಟು ಬಿಟ್ಟು ಎರಡನೆಯ ಮಾತಿಲ್ಲದ ಪೇಟೆಯಲ್ಲಿ ಆತ ಕೀಬೋರ್ಡ್ ನುಡಿಸುತ್ತಿದ್ದ, ಹೆಂಡತಿ ಆರತಿ ಡ್ರಮ್ಸ್ ಬಾರಿಸುತ್ತಿದ್ದಳು. "ಇದನ್ನ ಕಚ್ಚೂದು ಬ್ಯಾಡ ಚಾಚಾ, ಬರೇ ತುಟಿ ಇಟ್ರ ಆತು," ಎಂದು ರೆಕಾರ್ಡರ್ ಕೊಟ್ಟವನು ಅವನೇ. ಹಿಮ್ಮೇಳವನ್ನು ಫೋನಿಗೆ ಕಳಿಸಿದ. ಹಾಡನ್ನು ಒಮ್ಮೆ ನೆಟ್ಟಗೆ ನುಡಿಸುವುದು, ಆಮೇಲೆ ಅದರ ಬೆನ್ನು ಹತ್ತಿ ಮನಸ್ಸು ಬಂದ ಕಡೆ ಹೋಗುವುದು, ಜಾಝ್ ಎಂದರೆ ಇಷ್ಟೇ ಎಂದು ಹೇಳಿಕೊಟ್ಟ. ಹಟ ಹಿಡಿದು ನಿಂತ ಕುದುರೆಯ ಮುಂದೆ ಒಂದೇ ಹಾಡನ್ನು ಹತ್ತು ಬಗೆ ತಿರುವಿದವನಿಗೆ ಇದೇನು ಹೊಸದಲ್ಲ. ಕಷ್ಟವಾದದ್ದು ಉಸಿರು. ಬೀದಿ ತುಂಬ ಊದಿ ಬೆಳೆದ ಎದೆ ಅದು. ಈ ಕೊಳವೆಯೋ, ತುಸು ಜೋರಾದರೆ ಕಿರುಚುತ್ತದೆ. ಎಂಟು ತಿಂಗಳು ಮನೆಯಲ್ಲಿ ಫೋನಿನ ಮುಂದೆ ಕೂತು ಉಸಿರು ಪಳಗಿಸಿದ.

ಈಗ ಡಾಕ್ಟರ ದಂಪತಿಗೆ ಧಾರವಾಡದಲ್ಲಿ ನುಡಿಸಲು ಕರೆ ಬಂದಿತ್ತು. ಈ ಭಾನುವಾರ ದವಾಖಾನೆಯ ಮಹಡಿಯ ಮೇಲೆ ಇಪ್ಪತ್ತು ಜನರ ಮುಂದೆ ಮೂವರೂ ಕೂಡಿ ನುಡಿಸಿ ನೋಡುವುದು. ಹೊಂದಿದರೆ ಅಲ್ಲಾವುದ್ದೀನನೂ ಧಾರವಾಡಕ್ಕೆ. ಹೊಂದದಿದ್ದರೆ ಗಾಡಿ ಇದ್ದೇ ಇತ್ತು.

ಮಹಡಿಯ ಮೇಲೆ ಹಾಡಿನ ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಬೆರಳುಗಳ ಬಿಗುವು ಬಿಟ್ಟಿತು, ಮೂರನೆಯದರಲ್ಲಿ ಯಾರೋ ತಲೆದೂಗಿದರು. ಇಷ್ಟು ಸಾಕಿತ್ತು, ಮುಗಿಸಬಹುದಿತ್ತು. ಆಗಲೇ ಅವನಿಗೆ ಪ್ರಶ್ನೆ ಎದ್ದಿತು: ಮುಗಿಸುವುದು ಹೇಗೆ? ಮನೆಯಲ್ಲಿ ಫೋನು ನಿಂತಾಗ ತಾನೂ ನಿಲ್ಲುತ್ತಿದ್ದ. ಬ್ಯಾಂಡಿನಲ್ಲಾದರೆ ಮುಂದೆ ನಡೆಯುವ ಮಾಸ್ತರ ಕೈ ಎತ್ತಿ ನಿಲ್ಲಿಸಬೇಕು. ಅಲ್ಲಿಯವರೆಗೆ ಕಾಲು ಸೋಲಲಿ, ಮಳೆ ಬರಲಿ, ಊದುವವನು ವಾದ್ಯದಿಂದ ಬಾಯಿ ತೆಗೆಯುವಂತಿಲ್ಲ. ಮೂವತ್ತೆಂಟು ವರ್ಷದಲ್ಲಿ ಒಂದು ಹಾಡನ್ನೂ ಅವನು ತಾನಾಗಿ ನಿಲ್ಲಿಸಿದವನಲ್ಲ.

ಅವನು ಡಾಕ್ಟರನ ಕೈ ನೋಡಿದ. ಎರಡೂ ಕೀಬೋರ್ಡಿನ ಮೇಲಿದ್ದವು. ನಾಲ್ಕನೆಯ ಸುತ್ತು, ಐದನೆಯದು. ಡಾಕ್ಟರ ತಲೆಯಾಡಿಸಿದ, ಇನ್ನೂ ಸರಿಹೋಗಿಲ್ಲ, ನುಡಿಸು ಎನ್ನುತ್ತಿದ್ದಾನೆಂದು ಅಲ್ಲಾವುದ್ದೀನ ತಿಳಿದ. ಆರತಿ ನಕ್ಕಳು, ಪಾಪ ಎಂದು ನಕ್ಕಳೆಂದು ತಿಳಿದ. ಏಳನೆಯ ಸುತ್ತಿಗೆ ಅಂಗಿ ಬೆನ್ನಿಗೆ ಅಂಟಿತು. ಗೊತ್ತಿದ್ದ ತಿರುವುಗಳೆಲ್ಲ ಖಾಲಿಯಾಗಿ, ಗೊತ್ತಿಲ್ಲದವನ್ನು ತಡಕಾಡತೊಡಗಿದ. ಹಿಂದಿನ ಸಾಲಿನವರೊಬ್ಬರು ಗಡಿಯಾರ ನೋಡಿಕೊಂಡರು. ಖಾಜಾಬಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕೂತಿದ್ದಳು. ಹನ್ನೊಂದನೆಯ ಸುತ್ತಿನಲ್ಲಿ ಉಸಿರು ಕೈಕೊಟ್ಟಿತು, ಕೊಳವೆ ಒಮ್ಮೆ ಕಿರುಚಿತು, ಅವನು ಅದನ್ನು ಬಾಯಿಂದ ತೆಗೆದುಬಿಟ್ಟ.

ಕೀಬೋರ್ಡೂ ಡ್ರಮ್ಸೂ ಒಂದೆರಡು ಹೆಜ್ಜೆ ಮುಂದೆ ಹೋಗಿ ನಿಂತವು. ಗಾಡಿಯೇ ಗತಿ ಎಂದುಕೊಂಡ ಅಲ್ಲಾವುದ್ದೀನ.

"ತಪ್ಪಾತ್ರಿ ಡಾಕ್ಟರ್ರ," ಎಂದ. "ನೀವು ಕೈ ಎತ್ತತೀರಿ ಅಂತ ನೋಡಾಕತ್ತಿದ್ದೆ."

"ನಾ ಯಾಕ್ ಕೈ ಎತ್ತಲಿ, ಚಾಚಾ?"

"ನಿಲ್ಲಸಾಕ್ರಿ."

ಸುಶ್ರುತ ಹೆಂಡತಿಯ ಮುಖ ನೋಡಿದ. ಅವಳ ಕೈಯೂ ಬೆವೆತಿತ್ತು. ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಅಂಗೈ ಒರೆಸಿಕೊಳ್ಳುತ್ತಿದ್ದಳು.

"ನಾವು ನಿಮ್ಮ ದಾರಿ ನೋಡಾಕತ್ತಿದ್ವಿ," ಎಂದ ಸುಶ್ರುತ. "ಇದರಾಗ ನಿಮ್ಮನ್ನ ಯಾರೂ ನಿಲ್ಲಸಂಗಿಲ್ರಿ. ನಿಮಗ ಮುಗೀತು ಅನಿಸಿದಾಗ ಮುಗೀತು. ಧಾರವಾಡದಾಗೂ ಹಂಗ."

ಅಲ್ಲಾವುದ್ದೀನನ ಐವತ್ತೊಂಬತ್ತು ವರ್ಷದ ಬದುಕಿನಲ್ಲಿ ಅವನಿಗೆ ಇಂಥ ಮಾತು ಹೇಳಿದವರು ಯಾರೂ ಇರಲಿಲ್ಲ. ಅವನು ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡ, ರೆಕಾರ್ಡರಿನ ಬಾಯಿಯನ್ನೂ ಒರೆಸಿದ.

"ಹಂಗಾರ ನಂದು ಇನ್ನೂ ಮುಗದಿಲ್ರಿ," ಎಂದ.